ಬೊಲಾರಂ ಸಾಹೇಬ ಮತ್ತು ನಮ್ಮ ದಾರಿಯ ಚಿಗರಿ

ನೌಬಾದ: ರಾತ್ರಿ ಹೊತ್ತು ನೌಬಾದ ದಾಟಿ ಭಾಲ್ಕಿ ಕಡೆಗೋ ಔರಾದ ಕಡೆಗೋ ಗಾಡಿ ಹೊಡೆದವರಿಗೆ ಇದು ಹೊಸ ಮಾತಲ್ಲ. ಕಡಲೆ ಹೊಲದಿಂದ ಚಿಗರಿ ರಸ್ತೆಗೆ ಬರುತ್ತದೆ. ಹೆಡ್‌ಲೈಟು ಬಿದ್ದ ಕೂಡಲೇ ಕಣ್ಣು ಮಿಣಮಿಣ ಹೊಳೆಯುತ್ತವೆ. ಓಡಿ ಹೋಗುತ್ತದೆ ಅಂದುಕೊಂಡರೆ ಅದು ಕಕ್ಕಾಬಿಕ್ಕಿಯಾಗಿ ನಿಂತೇ ಬಿಡುತ್ತದೆ. ಆ ಗಳಿಗೆಯಲ್ಲಿ ಗಾಡಿಯವನು ಏನು ಮಾಡುತ್ತಾನೆ ಎಂಬುದರ ಮೇಲೆ ಒಂದು ಜೀವದ ಅಳಿವು ಉಳಿವು. ಮೋಟಾರ್ ಸೈಕಲ್ಲಾದರೆ ಎರಡು ಜೀವ.

ಇಂಥ ರಾತ್ರಿ ದಾರಿಗಳಲ್ಲೇ ಅರ್ಧ ಆಯುಷ್ಯ ಕಳೆದ ಒಬ್ಬನ ಕಥೆ ಇವತ್ತು ಹೇಳಬೇಕಾಗಿದೆ. ಹೆಸರು ಕೆನೆತ್ ಆಂಡರ್ಸನ್. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕಾಡಿನ ಕತೆಗಳನ್ನು ಓದಿದವರಿಗೆ ಈ ಶಿಕಾರಿಯ ಪರಿಚಯ ಬೇಕಿಲ್ಲ. ಆದರೆ ಆತ ಹುಟ್ಟಿನಿಂದ ನಮ್ಮ ಕಡೆಯವನೇ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ.

1910ರ ಮಾರ್ಚ್ 8ರಂದು ಸಿಕಂದರಾಬಾದ್ ಹತ್ತಿರದ ಬೊಲಾರಂನಲ್ಲಿ ಆತ ಹುಟ್ಟಿದ. ಆಗ ಬೀದರವೂ ಅದೇ ನಿಜಾಮನ ಸಂಸ್ಥಾನದ ಜಿಲ್ಲೆ. ಗಾದಿಯ ಮೇಲಿದ್ದವರು ಹುಲಿ ಬೇಟೆಗೆ ಹೆಸರಾದ ಆರನೇ ನಿಜಾಮ ಮಹಬೂಬ್ ಅಲಿ ಖಾನ್. ಆಂಡರ್ಸನ್ ಮನೆತನ ಸ್ಕಾಟ್ಲೆಂಡ್ ಮೂಲದ್ದು, ಆದರೆ ಹಲವು ತಲೆಮಾರಿನಿಂದ ಹಿಂದೂಸ್ಥಾನದಲ್ಲೇ ಬೇರು ಬಿಟ್ಟಿತ್ತು. ತಂದೆ ಸೈನ್ಯದ ಸಂಬಳದ ಲೆಕ್ಕ ನೋಡುವ ಇಲಾಖೆಯಲ್ಲಿದ್ದರು. ಹುಡುಗ ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಮತ್ತು ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ. ವಕೀಲಿ ಕಲಿಯಲೆಂದು ಎಡಿನ್‌ಬರೋಗೆ ಕಳಿಸಿದರೆ ಅರ್ಧಕ್ಕೇ ಬಿಟ್ಟು ವಾಪಸು ಬಂದ. ಕಾಡು ಬಿಟ್ಟಿರಲಾರದ ಜಾತಿ.

ಹೊಟ್ಟೆಪಾಡಿಗೆ ಅಂಚೆ ತಂತಿ ಇಲಾಖೆಯಲ್ಲಿ 15 ವರ್ಷ, ಆಮೇಲೆ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ನೌಕರಿ. ರಜೆ ಸಿಕ್ಕರೆ ಸಾಕು, ಕಾರಿನಲ್ಲಿ ಬಂದೂಕು, ಬ್ಯಾಟರಿ, ಚಹಾದ ಫ್ಲಾಸ್ಕು ಇಟ್ಟುಕೊಂಡು ರಾತ್ರೋರಾತ್ರಿ ಹೊರಡುವುದು. 1939ರಿಂದ 1966ರವರೆಗೆ ಸರಕಾರಿ ಲೆಕ್ಕದಲ್ಲೇ 8 ನರಭಕ್ಷಕ ಚಿರತೆ, 7 ನರಭಕ್ಷಕ ಹುಲಿ ಹೊಡೆದ. ಗುಮ್ಮಳಾಪುರದ ಒಂದು ಚಿರತೆಯೇ 42 ಮಂದಿಯನ್ನು ತಿಂದಿತ್ತು. ಆ ಊರ ಜನ ಸೂರ್ಯ ಮುಳುಗುವ ಮೊದಲೇ ಬಾಗಿಲು ಹಾಕುತ್ತಿದ್ದರು.

ಒಂದು ರಾತ್ರಿ ಅರಸೀಕೆರೆಯಿಂದ ಶಿವಮೊಗ್ಗ ಕಡೆ ಹೊರಟಾಗ ದರ್ಗಾ ಒಂದರ ಎದುರಿಗೇ ಕಾರಿನ ಗಾಲಿ ಪಂಕ್ಚರ್ ಆಯಿತು. ದರ್ಗಾ ನೋಡಿಕೊಳ್ಳುವ ಮುದುಕ ಆಲಂ ಬಕ್ಷ್ ಕಂದೀಲು ತಂದು ಹಿಡಿದ, ಬಿಸಿ ಚಹಾ ಕೊಟ್ಟ. ಅಷ್ಟಕ್ಕೇ ದೋಸ್ತಿ ಬೆಳೆಯಿತು. ಮುಂದೆ ಅದೇ ಮುದುಕನ ಮಗನನ್ನು ರಾತ್ರಿ ಕತ್ತಲೆಯಲ್ಲಿ ಕರಡಿ ಕೊಂದಿತು. 1957ರ ಸುಮಾರಿಗೆ ಆ ಕರಡಿ ಕಡಿಮೆ ಅಂದರೂ 12 ಮಂದಿಯನ್ನು ಕೊಂದಿತ್ತು. ಆಂಡರ್ಸನ್ ಹೋದ, ಒಂದೇ ಸಲಕ್ಕೆ ಸಿಗಲಿಲ್ಲ, ಮತ್ತೆ ಮತ್ತೆ ಹೋಗಿ ಅದನ್ನು ಮುಗಿಸಿದ. ಕಂದೀಲಿನ ಋಣ ಹಾಗೆ ತೀರಿತು.

ಆದರೆ ಕೊಂದ ಲೆಕ್ಕವೇ ಆತನ ಕಥೆಯಲ್ಲ. ಮೈಸೂರಿನ ಹತ್ತಿರ ಕಬ್ಬಿನ ಹೊಲದಿಂದ ಹೊರಬಂದ ಕರಡಿಯನ್ನು ಜೊತೆಗಿದ್ದವನೊಬ್ಬ ಕಾರಣವಿಲ್ಲದೆ ಹೊಡೆದು ಕೆಡವಿದ. ಹತ್ತಿರ ಹೋದರೆ ಸತ್ತ ತಾಯಿಯ ಬೆನ್ನ ಮೇಲೆ ಮರಿ ಕುಳಿತು ಅಳುತ್ತಿತ್ತು. ಆಂಡರ್ಸನ್ ಅದನ್ನು ಹಿಡಿದು ಬೆಂಗಳೂರಿಗೆ ತಂದು ಹೆಂಡತಿಗೆ ಕೊಟ್ಟ. ದೊಡ್ಡದಾದ ಮೇಲೆ ಮೈಸೂರು ಮೃಗಾಲಯಕ್ಕೆ ಕಳಿಸಿದರೆ ಅದು ಕೂಳು ಬಿಟ್ಟಿತು. ಕೊನೆಗೆ ಮನೆಗೇ ತಂದು ಅಂಗಳದಲ್ಲಿ ಸುತ್ತ ಕಾಲುವೆ ತೋಡಿ ದ್ವೀಪ ಮಾಡಿಕೊಟ್ಟರು. ಈ ಕಥೆ ಬಹಳ ವರ್ಷ ಕೇಂದ್ರ ಪಠ್ಯದ 9ನೇ ಇಯತ್ತೆ ಇಂಗ್ಲಿಷ್ ಪುಸ್ತಕದಲ್ಲಿತ್ತು. ನಿಮ್ಮ ಮಕ್ಕಳನ್ನು ಕೇಳಿ ನೋಡ್ರಿ.

ಹುಲಿ ಚಿರತೆ ಸುಮ್ಮನೆ ಮನುಷ್ಯರ ಮೇಲೆ ಬೀಳುವುದಿಲ್ಲ, ಯಾರೋ ಅರೆಬರೆ ಹೊಡೆದು ಬಿಟ್ಟ ಗಾಯವೇ ಎಷ್ಟೋ ಸಲ ಅದನ್ನು ನರಭಕ್ಷಕ ಮಾಡುತ್ತದೆ ಎಂದು ಆತ ಪುಸ್ತಕದಿಂದ ಪುಸ್ತಕಕ್ಕೆ ಬರೆದ. ಮೋಟಾರಿನಲ್ಲಿ ಕುಳಿತು ಲೈಟು ಬಿಟ್ಟು, ಕಣ್ಣು ಕುಕ್ಕಿ ನಿಂತ ಪ್ರಾಣಿಯನ್ನು ಹೊಡೆಯುವವರನ್ನು ಕಂಡರೆ ಆತನಿಗೆ ಆಗುತ್ತಿರಲಿಲ್ಲ. ಅದು ಬೇಟೆಯೂ ಅಲ್ಲ, ಗಂಡಸುತನವೂ ಅಲ್ಲ ಎಂಬುದು ಆತನ ನಿಲುವು. ಕೊನೆಗಾಲದಲ್ಲಿ ಬಂದೂಕಿನ ಜಾಗಕ್ಕೆ ಕ್ಯಾಮರಾ ಬಂತು. 1972ರಲ್ಲಿ ವನ್ಯಜೀವಿ ರಕ್ಷಣೆಯ ಕಾಯಿದೆ ಆಯಿತು. ಎರಡು ವರ್ಷದ ನಂತರ, 1974ರ ಆಗಸ್ಟ್ 30ರಂದು, ಕ್ಯಾನ್ಸರಿನಿಂದ ಆತ ತೀರಿಹೋದ.

ಆ ಕಾಯಿದೆಯ ಮೊದಲ ಪಟ್ಟಿಯಲ್ಲೇ ನಮ್ಮ ಚಿಗರಿ, ಅಂದರೆ ಕೃಷ್ಣಮೃಗ, ಇದೆ. ಹೊಡೆದರೆ ಕಡಿಮೆ ಅಂದರೂ 3 ವರ್ಷ ಜೈಲು. ಆದರೆ ವೇಗದ ಗಾಡಿಗೆ ಸಿಕ್ಕು ಸತ್ತ ಚಿಗರಿಗೆ ಸಾಕ್ಷಿ ಹೇಳುವವರು ಯಾರು? ಬೆಳಿಗ್ಗೆ ನಾಯಿ ಕಾಗೆ ಸೇರಿದಾಗಲೇ ಊರಿಗೆ ಗೊತ್ತು.

ಹೆಚ್ಚೇನೂ ಬೇಕಿಲ್ಲ. ಕಣ್ಣು ಹೊಳೆದರೆ ವೇಗ ಇಳಿಸಿ, ಲೈಟು ಕೆಳಗೆ ಮಾಡಿ, ಒಂದು ಕ್ಷಣ ತಡೆಯಿರಿ. ಒಂದು ದಾಟಿತು ಅಂತ ಗಾಡಿ ಬಿಡಬೇಡಿ, ಹಿಂದೆ ಹಿಂಡು ಇರುತ್ತದೆ. ಪೂರಾ ಹಿಂಡು ದಾಟುವ ತನಕ ನಿಂತರೆ ಹೋಗುವುದು ಎರಡು ನಿಮಿಷ. ಮನೆಯಲ್ಲಿ ಊಟ ಅಷ್ಟರಲ್ಲಿ ಆರಿ ಹೋಗುವುದಿಲ್ಲ.