ಕರೆಯಲ್ಪಟ್ಟವರು ಮತ್ತು ಆರಿಸಲ್ಪಟ್ಟವರು: ಸಂತ ಜೋಸೆಫ್ ವಾಜರ ಜೀವನ

ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭಾವಸರದಲ್ಲಿ ನಾವು ಹಿಂದಿರುಗಿ ನೋಡುವಾಗ, ನೂರು ವರ್ಷಗಳ ಗಡಿಗೆ ಬಂದು ನಿಂತುಬಿಡುವುದು ಸಾಲದು. ಈ ಗೋಡೆಗಳು ಏಳುವುದಕ್ಕೆ ಬಹು ಮುಂಚೆಯೇ ಈ ನಾಡಿನಲ್ಲಿ ವಿಶ್ವಾಸದ ಬೀಜ ಬಿದ್ದಿತ್ತು. ಅದು ಒಣಗಿ ಹೋಗುವಂತಿದ್ದ ಕಾಲದಲ್ಲಿ ನೀರೆರೆದವರಿದ್ದರು. ಅಂಥವರಲ್ಲಿ ಅಗ್ರಗಣ್ಯರು ಸಂತ ಜೋಸೆಫ್ ವಾಜರು. ಅವರ ಜೀವನವನ್ನು ಇಲ್ಲಿ ಸ್ಮರಿಸಲು ನಮಗೆ ಇನ್ನೊಂದು ಕಾರಣವೂ ಇದೆ. ದೇವರಿಂದ ಕರೆಯಲ್ಪಡುವುದಕ್ಕೂ ಆರಿಸಲ್ಪಡುವುದಕ್ಕೂ ಏನು ವ್ಯತ್ಯಾಸ ಎಂದು ನಮ್ಮ ಯುವಜನರು ಆಗಾಗ ಕೇಳುತ್ತಾರೆ. ಈ ಪ್ರಶ್ನೆಗೆ ಜೋಸೆಫ್ ವಾಜರ ಬಾಳೇ ಉತ್ತಮ ಉತ್ತರವೆಂದು ನಮಗೆ ತೋರುತ್ತದೆ.

ನಿಟ್ಟೆಯ ಜನರಿಗೆ ಕರೆ ಮತ್ತು ಆಯ್ಕೆ ಎಂಬ ಮಾತುಗಳು ಹೊಸವಲ್ಲ. 1979ರಲ್ಲಿ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರು ಇಲ್ಲಿ ವಿದ್ಯಾಸಂಸ್ಥೆಯನ್ನು ಆರಂಭಿಸಿದಂದಿನಿಂದ ಊರೂರುಗಳ ಮಕ್ಕಳು ಓದಿಗೆ ಇಲ್ಲಿಗೆ ಬರುತ್ತಿದ್ದಾರೆ. ಸಂದರ್ಶನಕ್ಕೆ ಕರೆ ಬಂದವರು ಹಲವರು. ಆಯ್ಕೆಯ ಪಟ್ಟಿಯಲ್ಲಿ ಹೆಸರು ಬಂದವರು ಕೆಲವರು. ಪಟ್ಟಿಯಲ್ಲಿ ಹೆಸರಿದ್ದವನು ಗೆದ್ದವನು, ಇಲ್ಲದವನು ಸೋತವನು. ಲೋಕದ ರೀತಿ ಇದು. ಆದರೆ ಇದೇ ಅಳತೆಗೋಲನ್ನು ಹಿಡಿದುಕೊಂಡು ನಾವು ದೇವಾಲಯದೊಳಕ್ಕೆ ಬಂದರೆ ಶುಭಸಂದೇಶ ನಮಗೆ ಅರ್ಥವಾಗದು.

ಸಂತ ಮತ್ತಾಯನ ಶುಭಸಂದೇಶದ 22ನೆಯ ಅಧ್ಯಾಯದಲ್ಲಿ ಅರಸನ ಮದುವೆಯೂಟದ ಸಾಮತಿ ಇದೆ. ಮೊದಲು ಆಹ್ವಾನಿತರಾದವರು ತಮ್ಮ ಹೊಲ, ತಮ್ಮ ವ್ಯಾಪಾರ ಎಂದು ಹೊರಟುಹೋಗುತ್ತಾರೆ. ಆಮೇಲೆ ಹಾದಿಬೀದಿಯಲ್ಲಿ ಕಂಡವರನ್ನೆಲ್ಲ, ಒಳ್ಳೆಯವರು ಕೆಟ್ಟವರೆಂಬ ಭೇದವಿಲ್ಲದೆ, ಸೇವಕರು ಕರೆತರುತ್ತಾರೆ. ಕೊನೆಗೆ ಮದುವೆಯ ಉಡುಪಿಲ್ಲದೆ ಕುಳಿತಿದ್ದ ಒಬ್ಬನನ್ನು ಹೊರಕ್ಕೆ ಕಳುಹಿಸಲಾಗುತ್ತದೆ. ಆ ಸಾಮತಿಯ ಮುಕ್ತಾಯದಲ್ಲಿ ಪ್ರಭುಗಳು ಕರೆಗೂ ಆಯ್ಕೆಗೂ ಇರುವ ಅಂತರವನ್ನು ನೆನಪಿಸುತ್ತಾರೆ. ಇಲ್ಲಿ ಗಮನಿಸಬೇಕಾದುದೇನೆಂದರೆ, ಅರಸನು ಯಾರ ಯೋಗ್ಯತೆಯನ್ನೂ ಪರೀಕ್ಷಿಸಿ ಬಾಗಿಲು ತೆರೆಯಲಿಲ್ಲ. ಬಾಗಿಲು ಎಲ್ಲರಿಗೂ ತೆರೆದಿತ್ತು. ಬಂದ ಮೇಲೆ ಉಡುಪನ್ನು ಉಟ್ಟುಕೊಂಡನೇ ಇಲ್ಲವೇ ಎಂಬುದೇ ಪ್ರಶ್ನೆ. ಆ ಉಡುಪು ಯಾವುದು? ಜೋಸೆಫ್ ವಾಜರು ಅದನ್ನು ಹೇಗೆ ಉಟ್ಟರೆಂಬುದನ್ನು ನೋಡೋಣ.

ಅವರು 1651ರ ಏಪ್ರಿಲ್ 21ರಂದು ಗೋವೆಯ ಬಾಣಾವಳಿಯಲ್ಲಿ, ತಾಯಿಯ ತವರಿನ ಊರಿನಲ್ಲಿ ಜನಿಸಿದರು. ತಂದೆ ಕ್ರಿಸ್ತೊವಾಂ ವಾಜರು ಸಾಂಕವಾಳದವರು. ತಾಯಿ ಮರಿಯಾ ದೆ ಮಿರಾಂದಾ. ಹಳೆಗೋವೆಯಲ್ಲಿ ಉನ್ನತ ವ್ಯಾಸಂಗ ಮಾಡಿ 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ, 1677ರ ಆಗಸ್ಟ್ 5ರಂದು, ಸಾಂಕವಾಳದ ದೇವಾಲಯದಲ್ಲಿ ತಾನು ಮಾತೆ ಮರಿಯಮ್ಮನವರ ದಾಸನೆಂದು ಒಂದು ದಾಸ್ಯಪತ್ರವನ್ನು ಬರೆದು ರುಜು ಹಾಕಿದರು. ಕುಲೀನ ಮನೆತನದಲ್ಲಿ ಹುಟ್ಟಿದ, ವಿದ್ಯಾವಂತನಾದ ತರುಣ ಗುರುವೊಬ್ಬನು ತನ್ನನ್ನು ಗುಲಾಮನೆಂದು ಬರೆದುಕೊಟ್ಟದ್ದು ಸಾಮಾನ್ಯ ಸಂಗತಿಯಲ್ಲ. ಮುಂದಿನ ಅವರ ಬಾಳೆಲ್ಲ ಆ ಪತ್ರದ ವ್ಯಾಖ್ಯಾನವೆಂದೇ ಹೇಳಬಹುದು.

ಆ ಕಾಲದಲ್ಲಿ ಸಿಂಹಳ ದ್ವೀಪದಿಂದ ದುಃಖದ ವಾರ್ತೆಗಳು ಬರುತ್ತಿದ್ದವು. 1658ರಲ್ಲಿ ಡಚ್ಚರು ಜಾಫ್ನಾವನ್ನು ಗೆದ್ದ ಮೇಲೆ ಅಲ್ಲಿನ ಕರಾವಳಿಯಲ್ಲಿ ಕಥೋಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ. ಕ್ರೈಸ್ತರು ಗುರುಗಳಿಲ್ಲದೆ, ಸಂಸ್ಕಾರಗಳಿಲ್ಲದೆ ದಿನ ಕಳೆಯುತ್ತಿದ್ದರು. ಇದನ್ನು ಕೇಳಿದ ಜೋಸೆಫ್ ವಾಜರ ಹೃದಯದಲ್ಲಿ ಅಲ್ಲಿಗೆ ಹೋಗಬೇಕೆಂಬ ಹಂಬಲ ಹುಟ್ಟಿತು. ಇದು ದೇವರ ಕರೆಯೆಂದು ಅವರಿಗೆ ಸಂಶಯವಿರಲಿಲ್ಲ. ಆದರೆ 1681ರಲ್ಲಿ ಅವರು ತಮ್ಮನ್ನು ಅರ್ಪಿಸಿಕೊಂಡಾಗ, ಗೋವೆಯ ಧರ್ಮಸಭೆಯ ಅಧಿಕಾರಿಗಳು ಅವರನ್ನು ಸಿಂಹಳಕ್ಕೆ ಕಳುಹಿಸಲಿಲ್ಲ. ಅವರನ್ನು ಕನ್ನಡ ಜಿಲ್ಲೆಯ ಪ್ರಧಾನ ವಿಗಾರರನ್ನಾಗಿ ನೇಮಿಸಿ ನಮ್ಮ ಈ ಕರಾವಳಿಗೆ ಕಳುಹಿಸಿದರು. ಕರೆ ಬಂದದ್ದು ಒಂದು ಕಡೆಗೆ, ಆಯ್ಕೆಯಾದದ್ದು ಇನ್ನೊಂದು ಕಡೆಗೆ! ನಮ್ಮಲ್ಲಿ ಎಷ್ಟು ಮಂದಿ ಇಂತಹ ಸಂದರ್ಭದಲ್ಲಿ ದೇವರೇ ತಮ್ಮನ್ನು ಕೈಬಿಟ್ಟರೆಂದು ಮುನಿಸಿಕೊಳ್ಳುತ್ತಿದ್ದೆವೋ! ಅವರು ಮುನಿಸಿಕೊಳ್ಳಲಿಲ್ಲ. ಹಂಬಲವನ್ನು ಬಿಡಲೂ ಇಲ್ಲ. ಅದಕ್ಕಾಗಿ ಮೇಲಧಿಕಾರಿಗಳೊಡನೆ ಜಗಳವಾಡಲೂ ಇಲ್ಲ. ಹೇಳಿದ ಕಡೆಗೆ ಹೊರಟು ಬಂದರು.

ಅವರು ಬಂದಾಗ ಈ ನಾಡು ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ಅದಕ್ಕೆ ಸುಮಾರು ಮೂವತ್ತು ವರ್ಷ ಹಿಂದೆ ಶಿವಪ್ಪನಾಯಕನು ಪೋರ್ತುಗೀಜರನ್ನು ಕರಾವಳಿಯ ಕೋಟೆಗಳಿಂದ ಹೊರಗಟ್ಟಿದ್ದನು. ಪೋರ್ತುಗೀಜರ ಆಶ್ರಯವನ್ನೇ ನಂಬಿದ್ದ ಕ್ರೈಸ್ತ ಸಮುದಾಯಗಳು ಚದರಿದ್ದವು. ಆಮೇಲೆ ಒಪ್ಪಂದಗಳಾಗಿ ದೇವಾಲಯಗಳು ಮತ್ತೆ ಏಳತೊಡಗಿದ್ದವು. ಕಲ್ಯಾಣಪುರದ ಮಿಲಾಗ್ರಿಸ್ 1678ರದು, ಮಂಗಳೂರಿನ ಮಿಲಾಗ್ರಿಸ್ 1680ರದು. ಆದರೆ ದೇವಾಲಯಕ್ಕಿಂತ ದೊಡ್ಡದೊಂದು ಬಿರುಕು ಜನರ ನಡುವೆ ಇತ್ತು. ಮಂಗಳೂರಿನ ಮಿಲಾಗ್ರಿಸನ್ನು ಸ್ಥಾಪಿಸಿದ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರು ರೋಮಿನಿಂದ ನೇರವಾಗಿ ನೇಮಕಗೊಂಡವರು. ಗೋವೆಯವರಾದರೋ ಪೋರ್ತುಗಾಲದ ಅರಸರಿಗೆ ಹಿಂದೆ ದೊರೆತಿದ್ದ ಪದ್ರುವಾದೊ ಹಕ್ಕಿನ ಮೇರೆಗೆ ಈ ಪ್ರಾಂತ ತಮ್ಮದೆನ್ನುತ್ತಿದ್ದರು. ಯಾರ ಮಾತು ಕೇಳಬೇಕೆಂದು ತಿಳಿಯದೆ ಭಕ್ತರು ಎರಡು ಪಂಗಡಗಳಾಗಿ ಒಡೆದಿದ್ದರು. ಒಬ್ಬ ಗುರು ಕೊಟ್ಟ ಸಂಸ್ಕಾರ ಸಿಂಧುವೋ ಅಲ್ಲವೋ ಎಂಬ ಮಟ್ಟಕ್ಕೆ ವ್ಯಾಜ್ಯ ಮುಟ್ಟಿತ್ತು.

ಗೋವೆಯ ಪಕ್ಷದಿಂದ ನೇಮಕವಾಗಿ ಬಂದ ಜೋಸೆಫ್ ವಾಜರು ಎದುರು ಪಕ್ಷವನ್ನು ಹೀಯಾಳಿಸಿ ತಮ್ಮ ಪಕ್ಷದ ಮೆಚ್ಚುಗೆ ಗಳಿಸಬಹುದಿತ್ತು. ಅವರು ಹಾಗೆ ಮಾಡದೆ ಬಿಷಪರನ್ನು ಗೌರವದಿಂದ ಕಂಡರು. ಭಕ್ತರ ಆತ್ಮಗಳಿಗೆ ಹಾನಿಯಾಗದಂತೆ ಶಾಂತಿಯ ದಾರಿ ಹುಡುಕಿದರು. ಬಾರಕೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿ, ಕಲ್ಯಾಣಪುರ, ಮೂಲ್ಕಿ, ಮಂಗಳೂರು ಎಂದು ಕಾಲ್ನಡಿಗೆಯಲ್ಲಿ ಸಂಚರಿಸಿ, ಮುರಿದ ದೇವಾಲಯಗಳನ್ನು ಎತ್ತಿ ನಿಲ್ಲಿಸಿ, ಮಕ್ಕಳಿಗೆ ಶಾಲೆಗಳನ್ನು ತೆರೆದು, ಭಕ್ತರ ಸಹೋದರ ಸಂಘಗಳನ್ನು ಕಟ್ಟಿ, ಪಾಪನಿವೇದನೆ ಕೇಳುತ್ತ ಮೂರು ವರ್ಷ ದುಡಿದರು. ಅವರು ಸಂಚರಿಸಿದ ಹಾದಿ ಹೆಚ್ಚಾಗಿ ಕಡಲ ತೀರದ್ದು. ಘಟ್ಟದ ತಪ್ಪಲಿನ ನಮ್ಮ ಕಾರ್ಕಳದ ಕಡೆಗೆ ವಿಶ್ವಾಸ ಬೇರುಬಿಟ್ಟದ್ದು ತರುವಾಯ. ನಮ್ಮ ನೆರೆಯ ಅತ್ತೂರಿನ ಸಂತ ಲಾರೆನ್ಸರ ದೇವಾಲಯ ಸ್ಥಾಪನೆಯಾದದ್ದು 1759ರಲ್ಲಿ. ಆದರೆ ಕಡಲ ತೀರದಲ್ಲಿ ಅಂದು ದೀಪ ಆರಿಹೋಗಿದ್ದರೆ ಇಲ್ಲಿಗೆ ಬೆಳಕು ಬರುತ್ತಿದ್ದುದೆಲ್ಲಿಂದ?

ಮಂಗಳೂರಿಗೆ ಸಮೀಪದ ಮುಡಿಪು ಗುಡ್ಡದಲ್ಲಿ ಇಂದಿಗೂ ಭಕ್ತರು ನೆನೆಯುವ ಒಂದು ಪರಂಪರೆಯ ಕಥೆಯಿದೆ. ಅವರನ್ನು ಸಹಿಸದ ಕೆಲವರು, ರೋಗಿಯೊಬ್ಬನಿಗೆ ಅಂತಿಮ ಸಂಸ್ಕಾರ ಕೊಡಬೇಕೆಂದು ಸುಳ್ಳು ಹೇಳಿ ರಾತ್ರಿಯ ವೇಳೆ ಅವರನ್ನು ಗುಡ್ಡಕ್ಕೆ ಕರೆದೊಯ್ದರಂತೆ. ಗುಡ್ಡದ ಮೇಲೆ ಅವರು ಪ್ರಾರ್ಥಿಸಿದ ಸ್ಥಳದಲ್ಲಿ ನೀರಿನ ಒರತೆ ಚಿಮ್ಮಿತೆಂದು ಜನ ನಂಬುತ್ತಾರೆ. ಒರತೆಯ ಪವಾಡವನ್ನು ನೆನೆಯುವ ನಾವು ಅದಕ್ಕಿಂತ ಮುಂಚಿನ ಸಂಗತಿಯನ್ನೂ ನೆನೆಯಬೇಕು. ಕರೆದವರು ಯಾರು, ಏಕೆ ಕರೆದರು, ನಿಜವೇ ಸುಳ್ಳೇ ಎಂದು ವಿಚಾರಿಸುತ್ತ ಅವರು ಕೂಡಲಿಲ್ಲ. ರೋಗಿಯಿದ್ದಾನೆ ಎಂದರೆ ಹೊರಟರು. ಮನುಷ್ಯರ ಕರೆ ಸುಳ್ಳಾಗಿತ್ತು. ಅವರು ಕೊಟ್ಟ ಉತ್ತರ ಸುಳ್ಳಾಗಿರಲಿಲ್ಲ.

1684ರಲ್ಲಿ ಗೋವೆಗೆ ಹಿಂದಿರುಗಿದ ಅವರು ಮರುವರ್ಷ ಅಲ್ಲಿನ ದೇಶೀಯ ಗುರುಗಳು ಕಟ್ಟಿಕೊಂಡಿದ್ದ ಒರೇಟರಿ ಸಂಘವನ್ನು ಸೇರಿದರು. ಸಂಘದವರು ಅವರನ್ನೇ ತಮ್ಮ ಮುಖ್ಯಸ್ಥರನ್ನಾಗಿ ಆರಿಸಿದರು. ಆ ಸ್ಥಾನದಲ್ಲೇ ಇದ್ದು ಗೌರವದಿಂದ ಬಾಳಬಹುದಿತ್ತು. ಆದರೆ ಹಳೆಯ ಕರೆ ಇನ್ನೂ ಮೌನವಾಗಿರಲಿಲ್ಲ. 1686ರಲ್ಲಿ ಅವರು ಆ ಹುದ್ದೆಯನ್ನು ಬಿಟ್ಟು ಮೇಲಧಿಕಾರಿಗಳ ಅನುಮತಿಯೊಡನೆ ಸಿಂಹಳದ ದಾರಿ ಹಿಡಿದರು. ತೂತುಕುಡಿಯಿಂದ 1687ರಲ್ಲಿ ಕಡಲು ದಾಟಿದಾಗ ಅವರೊಡನೆ ಇದ್ದವನು ಯೋವಾನ್ನನೆಂಬ ನಿಷ್ಠಾವಂತ ಸೇವಕ ಮಾತ್ರ. ಗುರುವಿನ ನಿಲುವಂಗಿಯನ್ನು ಕಳಚಿಟ್ಟು, ಡಚ್ಚರ ಕಣ್ಣು ತಪ್ಪಿಸಲು ಕೂಲಿಯಾಳಿನ ಹರಕು ಬಟ್ಟೆ ಉಟ್ಟಿದ್ದರು. ಅರಸನ ಮದುವೆಯೂಟಕ್ಕೆ ಬೇಕಾದ ಉಡುಪು ಎಂಥದೆಂದು ನಾವು ಮೇಲೆ ಕೇಳಿದೆವಲ್ಲ! ಅದು ಇಂಥದು. ಪರರ ಸೇವೆಗಾಗಿ ತನ್ನ ಮಾನವನ್ನು ಕಳಚಿಡಬಲ್ಲವನಿಗೆ ಮಾತ್ರ ಅದು ಮೈಗೆ ಹೊಂದುತ್ತದೆ.

ದಡ ಸೇರುತ್ತಲೇ ಆಮಶಂಕೆಯಿಂದ ಅವರು ನೆಲ ಹಿಡಿದರು. ಬಡ ಹೆಂಗಸರು ತಂದುಕೊಟ್ಟ ಗಂಜಿಯಿಂದ ಜೀವ ಉಳಿಯಿತು. ಚೇತರಿಸಿಕೊಂಡ ಮೇಲೆ ಭಿಕ್ಷುಕನ ವೇಷದಲ್ಲಿ ಮನೆಯಿಂದ ಮನೆಗೆ ಹೋಗಿ ಕ್ರೈಸ್ತರನ್ನು ಹುಡುಕಿದರು; ರಾತ್ರಿಯಲ್ಲಿ ಗುಟ್ಟಾಗಿ ಬಲಿಪೂಜೆ ಅರ್ಪಿಸಿದರು. 1692ರಲ್ಲಿ ಕ್ಯಾಂಡಿ ರಾಜ್ಯಕ್ಕೆ ಹೋದಾಗ ಪೋರ್ತುಗೀಜರ ಗೂಢಚಾರನೆಂಬ ಆರೋಪದ ಮೇಲೆ ಸೆರೆಯಾದರು. ಬರಗಾಲದ ವೇಳೆ ಅವರು ಪ್ರಾರ್ಥಿಸಿದಾಗ ಮಳೆ ಬಂದಿತೆಂದೂ ಅದರಿಂದ ಬೌದ್ಧ ಅರಸನಾದ ಎರಡನೆಯ ವಿಮಲಧರ್ಮಸೂರಿಯನಿಗೆ ಅವರಲ್ಲಿ ಆದರ ಹುಟ್ಟಿತೆಂದೂ ಅವರ ಚರಿತ್ರೆ ಬರೆದವರು ತಿಳಿಸುತ್ತಾರೆ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಮನೆಯವರೇ ರೋಗಿಗಳನ್ನು ಬಿಟ್ಟು ಓಡಿಹೋದಾಗ, ಜೋಸೆಫ್ ವಾಜರು ತಮ್ಮ ಸಂಬಂಧಿಕರಾದ ಗುರು ಜೋಸೆಫ್ ಕಾರ್ವಾಲ್ಯೊ ಅವರೊಡನೆ ಜಾತಿ ಮತ ನೋಡದೆ ಅವರ ಹುಣ್ಣು ತೊಳೆದರು, ಉಣಿಸಿದರು, ಸತ್ತವರನ್ನು ಹೂಳಿದರು.

ಕೀರ್ತಿ ಹರಡಿದಾಗ ಅವರನ್ನು ಬಿಷಪರನ್ನಾಗಿ ಮಾಡಬೇಕೆಂಬ ಯೋಚನೆ ಮೇಲಿನವರಲ್ಲಿ ಬಂತು. ಅವರು ವಿನಯದಿಂದ ಅದನ್ನು ಒಪ್ಪಲಿಲ್ಲ. 1711ರ ಜನವರಿ 16ರಂದು, ತಮ್ಮ 59ನೆಯ ವಯಸ್ಸಿನಲ್ಲಿ, ಕ್ಯಾಂಡಿಯಲ್ಲಿ ದೈವಾಧೀನರಾದರು. ಒಮ್ಮೆ ಹೊರಟುಹೋದ ಮೇಲೆ ಅವರು ಗೋವೆಗೆ ಮರಳಲಿಲ್ಲ. ಅವರ ಸಮಾಧಿಯ ಗುರುತು ಕೂಡ ಕಾಲಾಂತರದಲ್ಲಿ ಅಳಿಸಿಹೋಯಿತು. 1995ರಲ್ಲಿ ಪೋಪ್ ಎರಡನೆಯ ಜಾನ್ ಪೌಲರು ಅವರನ್ನು ಪುಣ್ಯವಂತರೆಂದೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಸಂತರೆಂದೂ ಕೊಲಂಬೊ ನಗರದಲ್ಲಿ ಸಾರಿದರು. ಲೋಕ ಅವರನ್ನು ಆರಿಸಿ ಎತ್ತಿ ಹಿಡಿದದ್ದು ಸುಮಾರು ಮುನ್ನೂರು ವರ್ಷಗಳ ಮೇಲೆ. ದೇವರು ಎಂದೋ ಆರಿಸಿಯಾಗಿತ್ತು.

ಪ್ರಿಯ ಭಕ್ತಾದಿಗಳೇ, ಈ ಜೀವನದಿಂದ ನಾವು ಕಲಿಯಬೇಕಾದ ಪಾಠವೇನು? ಕರೆ ದೇವರ ಔದಾರ್ಯದಿಂದ ಬರುತ್ತದೆ. ಜ್ಞಾನಸ್ನಾನದ ತೊಟ್ಟಿಯ ಬಳಿ ಅದು ನಮ್ಮೆಲ್ಲರಿಗೂ ಬಂದಿದೆ. ಆಯ್ಕೆಯೂ ದೇವರ ವರವೇ, ನಮ್ಮ ಸಂಪಾದನೆಯಲ್ಲ. ಆದರೆ ಅದು ಕಾಣಿಸಿಕೊಳ್ಳುವುದು ನಾವು ಬಯಸಿದ ಜಾಗದಲ್ಲೇ ಆಗಬೇಕೆಂದಿಲ್ಲ. ನಾವು ಬಯಸದ ಜಾಗದಲ್ಲಿ ನಮ್ಮನ್ನು ಇರಿಸಿದಾಗ, ಅಲ್ಲಿ ಇತರರಿಗಾಗಿ ಬಾಳುವ ಮನಸ್ಸು ನಮಗಿದೆಯೇ ಎಂಬುದರಲ್ಲಿ ಅದು ಗೋಚರಿಸುತ್ತದೆ. ಕನ್ನಡ ಜಿಲ್ಲೆಯ ಆ ಮೂರು ವರ್ಷಗಳನ್ನು ಜೋಸೆಫ್ ವಾಜರು ಸಿಂಹಳಕ್ಕೆ ಕಾಯುವ ಪಡಸಾಲೆಯೆಂದು ಭಾವಿಸಿದ್ದರೆ, ನಮ್ಮ ಪೂರ್ವಜರ ಗತಿಯೇನಾಗುತ್ತಿತ್ತು?

ಇಲ್ಲಿ ಒಂದು ನೋವಿನ ಮಾತನ್ನು ಆಡದೆ ಇರಲಾರೆವು. ನಮ್ಮ ಧರ್ಮಕೇಂದ್ರಗಳಲ್ಲಿ ಗುರುಮಠಕ್ಕೆ ಹೋದ ಹುಡುಗನನ್ನು ಹಾರ ಹಾಕಿ ಕಳುಹಿಸುತ್ತೇವೆ. ಕೆಲವು ವರ್ಷಗಳ ಮೇಲೆ ಅವನು ಹಿಂದಿರುಗಿದರೆ ಅವನೆದುರು ಮಾತು ನಿಲ್ಲಿಸುತ್ತೇವೆ, ಬೆನ್ನ ಹಿಂದೆ ಪಿಸುಗುಟ್ಟುತ್ತೇವೆ. ಅವನ ತಾಯಿ ಬಲಿಪೂಜೆಗೆ ಬಂದು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂರುವುದನ್ನು ನಾವು ನಮ್ಮ ಸೇವಾಕಾಲದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇವೆ. ಆ ಹುಡುಗನು ಪರೀಕ್ಷೆಯಲ್ಲಿ ಅನುತ್ತೀರ್ಣನಾದವನೇ? ದೇವರು ಅವನನ್ನು ಒಂದು ದಾರಿಯಲ್ಲಿ ಸ್ವಲ್ಪ ದೂರ ನಡೆಸಿ ಇನ್ನೊಂದು ದಾರಿಗೆ ತಿರುಗಿಸಿರಬಾರದೇ? ಸಿಂಹಳಕ್ಕೆಂದು ಹೊರಟವರು ಮೊದಲು ಬಾರಕೂರಿಗೆ ಬಂದರೆಂಬುದನ್ನು ನಾವು ಮರೆಯದಿರೋಣ. ಹಿಂದಿರುಗಿದವನನ್ನು ಮುಂದಿನ ಸಾಲಿಗೆ ಕರೆಯೋಣ. ಅವನಿಗಾಗಿ ಇಟ್ಟ ಕೆಲಸ ಈ ಊರಿನಲ್ಲೇ ಇದ್ದೀತು.

ನೂರು ವರ್ಷ ತುಂಬಿದ ಈ ದೇವಾಲಯದ ಗೋಡೆಯ ಮೇಲೆ ದಾನಿಗಳ ಹೆಸರುಗಳಿವೆ. ಕಲ್ಲು ಹೊತ್ತವರ, ಅಡಿಪಾಯ ಅಗೆದವರ ಹೆಸರುಗಳು ಅಲ್ಲಿಲ್ಲ. ಸಮಾಧಿಯ ಗುರುತೂ ಉಳಿಯದ ಸಂತನ ಜೊತೆಗೆ ಅವರೂ ಆರಿಸಲ್ಪಟ್ಟವರ ಸಾಲಿನಲ್ಲಿ ನಿಂತಿರುವರೆಂದು ನಾವು ನಂಬುತ್ತೇವೆ. ಸಂತ ಜೋಸೆಫ್ ವಾಜರ ಬಿನ್ನಹದಿಂದ ನಮಗೂ ನಮ್ಮ ಮಕ್ಕಳಿಗೂ ಕರೆಯನ್ನು ಕೇಳುವ ಕಿವಿಯೂ, ಕಳುಹಿಸಿದ ಕಡೆಗೆ ಹೋಗುವ ಕಾಲೂ, ಅಲ್ಲಿ ನಿಲ್ಲುವ ಮನಸ್ಸೂ ದೊರೆಯಲೆಂದು ಪ್ರಾರ್ಥಿಸುತ್ತೇವೆ.