ಶಾಲೆ ಬಿಟ್ಟ ಹುಡುಗ, ಅಡುಗೆಮನೆಯ ಪೆಟ್ಟಿಗೆ: ಪರ್ಸಿ ಸ್ಪೆನ್ಸರ್



ನಿಮ್ಮ ಮನೆಯಲ್ಲಿ ಮೈಕ್ರೋವೇವ್ ಓವನ್ ಇರಬಹುದು. ದುಬೈಯಿಂದ ರಜೆಗೆ ಬಂದ ಮಾಮು ತಂದಿರಬಹುದು, ಮಗಳ ಮದುವೆಯಲ್ಲಿ ಉಡುಗೊರೆಯಾಗಿ ಬಂದಿರಬಹುದು, ಕಂತಿನಲ್ಲಿ ಕೊಂಡಿರಲೂಬಹುದು. ಅದರ ಜೊತೆ ಬಂದ ಪುಸ್ತಕವನ್ನು ಎಷ್ಟು ಜನ ಓದಿದ್ದೀರಿ? ನಮ್ಮ ಆಪಾ ಮನೆಯಲ್ಲಿ ಅದು ಪ್ಲಾಸ್ಟಿಕ್ ಚೀಲದೊಳಗೆ ಹಾಗೇ ಮಡಚಿಕೊಂಡಿತ್ತು. ಒಂದು ದಿನ ಬೆಳಿಗ್ಗೆ ಆಪಾ ಬೇಯಿಸಿದ ಮೊಟ್ಟೆಯನ್ನು ಬಿಸಿ ಮಾಡಲು ಓವನ್ನಿನಲ್ಲಿಟ್ಟರು. ಹೊರಗೆ ತೆಗೆದು ಚಮಚ ತಾಗಿಸಿದ ಕೂಡಲೇ ಪಟಾಕಿಯಂತೆ ಸಿಡಿಯಿತು. ದೇವರ ದಯೆ, ಕಣ್ಣಿಗೆ ಬೀಳಲಿಲ್ಲ. ಗಲ್ಲ ಮಾತ್ರ ಸುಟ್ಟಿತು. ಆ ಪುಸ್ತಕ ಚೀಲದಿಂದ ಹೊರಬಂದದ್ದು ಅಂದು ಸಂಜೆ.

ನಾನು ಉರ್ದು ಮತ್ತು ಕನ್ನಡ ಕಲಿಸುವವಳು, ವಿಜ್ಞಾನದ ಶಿಕ್ಷಕಿಯಲ್ಲ. ಆದರೂ ಈ ಪೆಟ್ಟಿಗೆಯ ಹಿಂದಿನ ಮನುಷ್ಯ ಯಾರು ಎಂದು ಹುಡುಕಿದಾಗ ಸಿಕ್ಕ ಬದುಕು ನಮ್ಮ ವಿದ್ಯಾರ್ಥಿಗಳಿಗೆ ತಿಳಿಯಲೇಬೇಕು ಎನಿಸಿತು. ಇನ್ನೂ ಆಶ್ಚರ್ಯವೆಂದರೆ, ಆಪಾ ಮನೆಯಲ್ಲಿ ನಡೆದದ್ದು ಆ ಮನುಷ್ಯನ ಪ್ರಯೋಗಾಲಯದಲ್ಲಿ ಬಹಳ ಹಿಂದೆಯೇ ನಡೆದಿತ್ತು.

ಆತನ ಹೆಸರು ಪರ್ಸಿ ಸ್ಪೆನ್ಸರ್. ಹುಟ್ಟಿದ್ದು 1894ರಲ್ಲಿ, ಅಮೆರಿಕದ ಮೇನ್ ರಾಜ್ಯದ ಹೌಲ್ಯಾಂಡ್ ಎಂಬ ಪುಟ್ಟ ಊರಿನಲ್ಲಿ. ಸುತ್ತಲೂ ಕಾಡು, ಮರದ ಕೆಲಸ, ಕಾಗದದ ಗಿರಣಿಗಳು. ಮಗುವಿಗೆ ಒಂದೂವರೆ ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಮಗುವನ್ನು ಚಿಕ್ಕಮ್ಮ ಚಿಕ್ಕಪ್ಪನ ಮಡಿಲಿಗೆ ಹಾಕಿ ಹೊರಟುಹೋದರು. ಏಳನೇ ವಯಸ್ಸಿಗೆ ಆ ಚಿಕ್ಕಪ್ಪನೂ ಇಲ್ಲವಾದರು. ಇಂಥ ಹುಡುಗನಿಗೆ ಶಾಲೆ ಎಷ್ಟು ದಿನ ಉಳಿದೀತು? ಹನ್ನೆರಡನೇ ವಯಸ್ಸಿನಲ್ಲಿ ಪಾಟಿ ಪುಸ್ತಕ ಬಿಟ್ಟು ಉರುಳೆಗಳ ಗಿರಣಿಗೆ ಕೂಲಿಗೆ ಸೇರಿದ. ಸೂರ್ಯ ಹುಟ್ಟುವಾಗ ಒಳಗೆ ಹೋದರೆ ಮುಳುಗುವಾಗ ಹೊರಗೆ. ನಾಲ್ಕು ವರ್ಷ ಹೀಗೇ ನಡೆಯಿತು.

ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಕೆಂಪು ಗೆರೆ ಎಳೆಯುವಾಗ ನಮ್ಮಂಥ ಶಿಕ್ಷಕರಿಗೆ ಆಗುವ ಸಂಕಟ ನಿಮಗೆ ಗೊತ್ತೇ? ಗ್ಯಾರೇಜಿಗೋ ಬೇಕರಿಗೋ ಹೋದ ಆ ಹುಡುಗನ ಕಥೆ ಅಲ್ಲಿಗೆ ಮುಗಿಯಿತೆಂದು ನಾವು ತಿಳಿಯುತ್ತೇವೆ. ಹೌಲ್ಯಾಂಡಿನ ಶಿಕ್ಷಕರೂ ಹಾಗೆಯೇ ತಿಳಿದಿರಬೇಕು.

ಹದಿನಾರನೇ ವಯಸ್ಸಿನ ಹೊತ್ತಿಗೆ ಹತ್ತಿರದ ಕಾಗದದ ಗಿರಣಿಗೆ ವಿದ್ಯುತ್ ಬರುವ ಸುದ್ದಿ ಹುಡುಗನ ಕಿವಿಗೆ ಬಿತ್ತು. ಆ ಭಾಗದಲ್ಲಿ ವಿದ್ಯುತ್ತೆಂದರೆ ಆಗ ಹೊಸ ಸಂಗತಿ. ಸಿಕ್ಕಿದ್ದನ್ನೆಲ್ಲ ಓದಿಕೊಂಡು ಅರ್ಜಿ ಹಾಕಿದ. ಕೆಲಸಕ್ಕೆ ಆಯ್ಕೆಯಾದ ಮೂವರಲ್ಲಿ ಅವನೂ ಒಬ್ಬ. ಕಲಿಸಿದವರು ಯಾರೂ ಇಲ್ಲ, ತಂತಿ ಜೋಡಿಸುತ್ತಲೇ ಕಲಿತ. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಹಡಗು ಮುಳುಗಿತು. ಆ ರಾತ್ರಿ ಕೊನೆಯವರೆಗೂ ಸಂದೇಶ ಕಳಿಸುತ್ತಿದ್ದ ನಿಸ್ತಂತು ಸಿಬ್ಬಂದಿಯ ಸುದ್ದಿ ಹದಿನೇಳರ ಹುಡುಗನ ಮನಸ್ಸನ್ನು ಹಿಡಿಯಿತು. ನೌಕಾಪಡೆಗೆ ಸೇರಿ ರೇಡಿಯೋ ಕೆಲಸ ಕಲಿತ. ರಾತ್ರಿ ಪಹರೆ ನಿಂತಾಗ ಪುಸ್ತಕ ತೆರೆದಿಟ್ಟುಕೊಂಡು ತ್ರಿಕೋನಮಿತಿ, ಕಲನಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಲೋಹಶಾಸ್ತ್ರ ಎಲ್ಲವನ್ನೂ ತನಗೆ ತಾನೇ ಕಲಿಸಿಕೊಂಡ. ನಮ್ಮ ಪಿ.ಯು.ಸಿ. ವಿದ್ಯಾರ್ಥಿಗಳು ಟ್ಯೂಷನ್ ಇಟ್ಟುಕೊಂಡೂ ಹೆದರುವ ವಿಷಯಗಳಿವು!

1920ರ ದಶಕದಲ್ಲಿ ಸ್ಪೆನ್ಸರ್ ಮಸಾಚುಸೆಟ್ಸ್ ರಾಜ್ಯದ ರೇಥಿಯಾನ್ ಕಂಪನಿ ಸೇರಿದರು. (ಇಲ್ಲಿಂದ ಬಹುವಚನವೇ ಸರಿ.) ರೇಡಿಯೋ ವಾಲ್ವುಗಳನ್ನು ಮಾಡುವ ಸಣ್ಣ ಕಂಪನಿ ಅದು, 1922ರಲ್ಲಿ ಶುರುವಾದದ್ದು. ಎರಡನೇ ಮಹಾಯುದ್ಧ ಅದರ ಹಣೆಬರಹವನ್ನೇ ಬದಲಿಸಿತು. 1940ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ರ್‍ಯಾಂಡಲ್ ಮತ್ತು ಬೂಟ್ ಎಂಬಿಬ್ಬರು ಹೊಸ ಬಗೆಯ ಮ್ಯಾಗ್ನೆಟ್ರಾನ್ ತಯಾರಿಸಿದ್ದರು. ಅಂಗೈಯಲ್ಲಿ ಹಿಡಿಯಬಹುದಾದ ತಾಮ್ರದ ಗಡ್ಡೆ, ಅದರೊಳಗೆ ಕೊರೆದ ಕುಳಿಗಳು. ಅದರಿಂದ ಹೊರಡುವ ಸೂಕ್ಷ್ಮ ತರಂಗಗಳು ವೈರಿಯ ವಿಮಾನವನ್ನು ಕತ್ತಲಲ್ಲೂ ಪತ್ತೆ ಹಚ್ಚುತ್ತಿದ್ದವು. ರೇಡಾರಿನ ಹೃದಯವೆಂದರೆ ಇದೇ. ಬ್ರಿಟಿಷರು ಆ ವರ್ಷವೇ ಅದನ್ನು ಅಮೆರಿಕಕ್ಕೆ ಒಯ್ದು ತೋರಿಸಿದರು.

ಇಂಥ ಅತಿ ಚಿಕ್ಕ ಅಲೆಗಳನ್ನು ಹುಟ್ಟಿಸುವುದರಲ್ಲಿ ನಮ್ಮ ದೇಶವೇನೂ ಹಿಂದೆ ಇರಲಿಲ್ಲ. 1890ರ ದಶಕದಲ್ಲಿಯೇ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಜಗದೀಶಚಂದ್ರ ಬೋಸರು ಕೆಲವೇ ಮಿಲಿಮೀಟರ್ ಉದ್ದದ ಅಲೆಗಳ ಮೇಲೆ ಪ್ರಯೋಗ ಮಾಡಿದ್ದರು, ಗೋಡೆ ದಾಟಿ ಗಂಟೆ ಬಾರಿಸಿ ತೋರಿಸಿದ್ದರು.

ಮ್ಯಾಗ್ನೆಟ್ರಾನ್ ಸಿಕ್ಕಿತು, ಆದರೆ ಅದನ್ನು ಮಾಡುವುದು ಅಕ್ಕಸಾಲಿಗನ ಕೆಲಸದಂತಿತ್ತು. ಗಟ್ಟಿ ತಾಮ್ರವನ್ನು ಕೂದಲೆಳೆಯ ಲೆಕ್ಕದಲ್ಲಿ ಕೊರೆಯಬೇಕು. ಯುದ್ಧಕ್ಕೆ ಬೇಕಾದದ್ದು ಸಾವಿರಾರು, ಆಗುತ್ತಿದ್ದದ್ದು ಬೆರಳೆಣಿಕೆಯಷ್ಟು. ಸ್ಪೆನ್ಸರ್ ಕೊಟ್ಟ ಉಪಾಯ ಸರಳ. ಗಡ್ಡೆಯನ್ನು ಕೊರೆಯುವ ಬದಲು ತೆಳು ತಾಮ್ರದ ತಗಡುಗಳನ್ನು ಬೇಕಾದ ಆಕಾರಕ್ಕೆ ಅಚ್ಚಿನಲ್ಲಿ ಕತ್ತರಿಸಿ, ಒಂದರ ಮೇಲೊಂದು ಪೇರಿಸಿ, ಬೆಸೆದುಬಿಡುವುದು. ಯುದ್ಧ ಮುಗಿಯುವ ಹೊತ್ತಿಗೆ ರೇಥಿಯಾನ್ ದಿನಕ್ಕೆ ಸುಮಾರು 2,600 ಮ್ಯಾಗ್ನೆಟ್ರಾನ್ ತಯಾರಿಸುತ್ತಿತ್ತು. ನೌಕಾಪಡೆ ಸ್ಪೆನ್ಸರರಿಗೆ ತನ್ನ ವಿಶೇಷ ಸೇವಾ ಗೌರವವನ್ನು ನೀಡಿತು. ಒಂದು ಕಾಲದಲ್ಲಿ ಅವರು ಪಹರೆ ನಿಂತಿದ್ದ ನೌಕಾಪಡೆ ಅದೇ.

ಈಗ ಎಲ್ಲರೂ ಹೇಳುವ ಪ್ರಸಂಗಕ್ಕೆ ಬರೋಣ. 1945ರ ಸುಮಾರು ಒಂದು ದಿನ ಚಾಲೂ ಇದ್ದ ಮ್ಯಾಗ್ನೆಟ್ರಾನ್ ಮುಂದೆ ನಿಂತಿದ್ದಾಗ ಅವರ ಜೇಬಿನಲ್ಲಿದ್ದ ಮಿಠಾಯಿ ಕರಗಿಹೋಯಿತು. ಚಾಕೊಲೇಟ್ ಎನ್ನುವವರು ಕೆಲವರು, ನಮ್ಮ ಶೇಂಗಾ ಚಿಕ್ಕಿಯಂಥದ್ದು ಎನ್ನುವವರು ಕೆಲವರು. ಮ್ಯಾಗ್ನೆಟ್ರಾನ್ ಹತ್ತಿರ ಬಿಸಿಯಾಗುವುದನ್ನು ಇತರರೂ ಗಮನಿಸಿದ್ದರು. ಅವರು ಅಂಗಿ ಒರೆಸಿಕೊಂಡು ಮುಂದೆ ಹೋದರು, ಸ್ಪೆನ್ಸರ್ ನಿಂತು ವಿಚಾರಿಸಿದರು. ಮೆಕ್ಕೆಜೋಳದ ಕಾಳು ತರಿಸಿ ಹತ್ತಿರ ಹಿಡಿದರೆ ಅರಳು ಹಾರಿದವು. ಬಳಿಕ ಒಂದು ಕೆಟಲಿನ ಪಕ್ಕದಲ್ಲಿ ತೂತು ಕೊರೆದು, ಒಳಗೆ ಮೊಟ್ಟೆಯಿಟ್ಟು, ಅಲೆಗಳನ್ನು ಹಾಯಿಸಿದರು. ಕುತೂಹಲ ತಡೆಯಲಾರದ ಸಹೋದ್ಯೋಗಿಯೊಬ್ಬ ಇಣುಕಿದ. ಮೊಟ್ಟೆ ಸಿಡಿದು ಅವನ ಮುಖಕ್ಕೆ ಬಡಿಯಿತು.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿ. ಮೊಟ್ಟೆ ಏಕೆ ಸಿಡಿಯಿತು? ಈ ಅಲೆಗಳು ಆಹಾರದೊಳಗೆ ಒಂದೆರಡು ಸೆಂಟಿಮೀಟರ್ ಇಳಿದು ಅಲ್ಲಿಯ ನೀರಿನ ಕಣಗಳನ್ನು ಅಲುಗಾಡಿಸುತ್ತವೆ. ಅಲುಗಾಟದಿಂದ ಬಿಸಿ, ಬಿಸಿಯಿಂದ ಆವಿ. ಚಿಪ್ಪೋ ಗಟ್ಟಿ ಪದರವೋ ಅಡ್ಡವಿದ್ದರೆ ಆವಿಗೆ ಹೊರಹೋಗಲು ದಾರಿಯಿಲ್ಲ. ಚಿಪ್ಪು ಬಿಡಿಸಿದ ಬೇಯಿಸಿದ ಮೊಟ್ಟೆಯೂ ಹಾಗೆಯೇ, ಒಳಗಿನ ಹಳದಿ ಹೊಂಚು ಹಾಕಿ ಕೂತಿರುತ್ತದೆ, ಚಮಚವೋ ಹಲ್ಲೋ ತಾಗಿದಾಗ ಸಿಡಿಯುತ್ತದೆ. ಇಡಿಯ ಮೊಟ್ಟೆಯನ್ನು ಈ ಓವನ್ನಿನಲ್ಲಿ ಇಡಲೇಬೇಡಿ. ಆಲೂಗಡ್ಡೆ, ಬದನೆಕಾಯಿಗಳನ್ನು ಫೋರ್ಕಿನಿಂದ ನಾಲ್ಕಾರು ಕಡೆ ಚುಚ್ಚಿ ಇಡಿ. ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಹಾಕದೆ ಒಂದು ಮೂಲೆಯನ್ನು ತೆರೆದಿಡಿ. ತೆಗೆಯುವಾಗ ಆವಿ ನಿಮ್ಮ ಕಡೆ ಬಾರದಂತೆ ಮುಚ್ಚಳವನ್ನು ಆಚೆ ಬದಿಯಿಂದ ಎತ್ತಿ.

ನೀರಿನದು ಇನ್ನೂ ಮೋಸದ ಆಟ. ನುಣುಪಾದ ಗಾಜಿನ ಲೋಟದಲ್ಲಿ ಬರೀ ನೀರನ್ನು ಹೆಚ್ಚು ಹೊತ್ತು ಕಾಯಿಸಿದರೆ ಕುದಿಯುವ ಮಟ್ಟ ದಾಟಿದರೂ ಗುಳ್ಳೆ ಏಳದೆ ತಣ್ಣಗೆ ಕುಳಿತಂತೆ ಕಾಣಬಹುದು. ಚಹಾಪುಡಿ ಹಾಕಿದ ಕ್ಷಣ ಇಡೀ ಲೋಟ ಉಕ್ಕಿ ಕೈಮುಖಕ್ಕೆ ಹಾರುತ್ತದೆ. ಇಡುವ ಮೊದಲೇ ಮರದ ಚಮಚ ಹಾಕಿಡಿ ಅಥವಾ ಸಕ್ಕರೆ ಬೆರೆಸಿಡಿ, ಬೇಕಾದಷ್ಟೇ ಹೊತ್ತು ಕಾಯಿಸಿ, ನಿಂತ ಮೇಲೆ ಒಂದು ನಿಮಿಷ ಬಿಟ್ಟು ತೆಗೆಯಿರಿ. ಮಗುವಿನ ಹಾಲಿನ ಬಾಟಲಿಯನ್ನಂತೂ ಇದರಲ್ಲಿ ಬಿಸಿ ಮಾಡಬಾರದು. ಹೊರಗೆ ಮುಟ್ಟಿದರೆ ಉಗುರುಬೆಚ್ಚಗೆ, ಒಳಗೆ ಅಲ್ಲಲ್ಲಿ ಸುಡುವ ಹಾಲು. ಮಗುವಿಗೆ ಹೇಳಲು ಬಾಯಿಲ್ಲ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಡುವ ನಮ್ಮ ಅಜ್ಜಿಯರ ಪದ್ಧತಿಯೇ ಸರಿ.

ಸ್ಪೆನ್ಸರ್ ಸುಮ್ಮನಿರಲಿಲ್ಲ. ಅಲೆಗಳನ್ನು ಲೋಹದ ಪೆಟ್ಟಿಗೆಯೊಳಗೆ ಬಿಟ್ಟರೆ ಅವು ಹೊರಗೆ ಹೋಗಲಾರದೆ ಗೋಡೆಗೆ ಬಡಿದು ಬಡಿದು ಆಹಾರವನ್ನೇ ಸೇರುತ್ತವೆ ಎಂಬುದನ್ನು ಬಳಸಿಕೊಂಡು 1945ರ ಅಕ್ಟೋಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, ಅದು ಮಂಜೂರಾದದ್ದು 1950ರ ಜನವರಿಯಲ್ಲಿ. 1947ರಲ್ಲಿ ರೇಥಿಯಾನ್ ಮೊದಲ ಓವನ್ ಮಾರಾಟಕ್ಕೆ ತಂದಿತು. ಹೆಸರು ರೇಡಾರೇಂಜ್. ಆಳೆತ್ತರ, ತೂಕ ಸುಮಾರು 340 ಕಿಲೋ, ತಣ್ಣಗಿಡಲು ನಲ್ಲಿ ನೀರಿನ ಸಂಪರ್ಕ ಬೇರೆ! ಬೆಲೆ ಸಾವಿರಾರು ಡಾಲರ್. ಹೋಟೆಲು, ಹಡಗುಗಳಿಗೆ ಬಿಟ್ಟು ಬೇರಾರಿಗೆ ಅದು ಎಟುಕೀತು? 1955ರಲ್ಲಿ ಟಾಪನ್ ಕಂಪನಿ ಮನೆಬಳಕೆಗೆ ತಂದದ್ದರ ಬೆಲೆ 1,295 ಡಾಲರ್, ಅದೂ ಹೆಚ್ಚು ಓಡಲಿಲ್ಲ. 1967ರಲ್ಲಿ ರೇಥಿಯಾನಿನದೇ ಆದ ಅಮಾನಾ ಕಂಪನಿ ಕಟ್ಟೆಯ ಮೇಲಿಡುವ ಪುಟ್ಟ ಓವನ್ನನ್ನು 495 ಡಾಲರಿಗೆ ತಂದ ಮೇಲೆಯೇ ಅದು ಮನೆಮನೆ ಸೇರಿದ್ದು.

ಇಷ್ಟೆಲ್ಲಕ್ಕೆ ಸ್ಪೆನ್ಸರರಿಗೆ ಸಿಕ್ಕಿದ್ದೇನು? ಪೇಟೆಂಟಿಗೆ ಪ್ರತಿಯಾಗಿ ಕಂಪನಿಯ ರೂಢಿಯಂತೆ ಕೊಟ್ಟ ಎರಡು ಡಾಲರ್. ಮಾರಿದ ಪ್ರತಿ ಓವನ್ನಿನಲ್ಲಿ ಪಾಲು ಎಂಬುದಿರಲಿಲ್ಲ. ಇದು ನ್ಯಾಯವೇ ಎಂದು ನನಗೆ ಕೇಳಬೇಡಿ, ನನ್ನ ಉತ್ತರ ನಿಮಗೆ ಗೊತ್ತು. ಆದರೆ ಉರುಳೆ ಗಿರಣಿಯ ಆ ಹುಡುಗ ಕಂಪನಿಯ ಹಿರಿಯ ಉಪಾಧ್ಯಕ್ಷನಾದ, ನೂರಕ್ಕೂ ಹೆಚ್ಚು ಪೇಟೆಂಟುಗಳ ಒಡೆಯನಾದ. ಪ್ರಾಥಮಿಕ ಶಾಲೆಯನ್ನೂ ಮುಗಿಸದವನಿಗೆ ಮಸಾಚುಸೆಟ್ಸ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು.

ಈ ಅಲೆಗಳ ಬಗ್ಗೆ ನಮ್ಮಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಒಂದು, ಊಟ ವಿಕಿರಣಗೊಂಡು ವಿಷವಾಗುತ್ತದೆ ಎಂಬುದು. ಹಾಗಿಲ್ಲ. ಇವು ರೇಡಿಯೋ ಅಲೆಗಳ ಬಳಗದವು, ಎಕ್ಸ್‌ರೇ ಜಾತಿಯವಲ್ಲ. ಸ್ವಿಚ್ ಆರಿಸಿದ ಕೂಡಲೇ ಅಲೆಗಳೂ ಇಲ್ಲ, ಆಹಾರದಲ್ಲಿ ಉಳಿಯುವುದು ಬಿಸಿ ಮಾತ್ರ. ಇನ್ನೊಂದು, ಒಳಗಿಟ್ಟದ್ದೆಲ್ಲ ನಡುವಿನಿಂದ ಹೊರಕ್ಕೆ ಬೇಯುತ್ತದೆ ಎಂಬುದು. ಅದೂ ಸುಳ್ಳು. ದಪ್ಪ ಮಾಂಸದ ತುಂಡು ಅಂಚಿನಲ್ಲಿ ಕುದಿಯುತ್ತಿದ್ದರೂ ನಡುವೆ ತಣ್ಣಗಿರಬಹುದು, ಕೋಳಿಯಾದರೆ ಹೊಟ್ಟೆಗೆ ಕೇಡು. ನಡುನಡುವೆ ಕಲಸಿ, ತಿರುವಿಡಿ, ತೆಗೆದ ಮೇಲೆ ಎರಡು ನಿಮಿಷ ಬಿಡಿ. ಬಿರಿಯಾನಿ ಉಳಿದರೆ ರಾತ್ರಿಯಿಡೀ ಹೊರಗಿಟ್ಟು ಬೆಳಿಗ್ಗೆ ಬಿಸಿ ಮಾಡಿದರಾಯಿತು ಎನ್ನಬೇಡಿ. ಹೊರಗಿಟ್ಟ ಅನ್ನದಲ್ಲಿ ಬ್ಯಾಕ್ಟೀರಿಯಾ ಬಿಡುವ ಒಂದು ಬಗೆಯ ವಿಷ ಎಷ್ಟು ಕಾಯಿಸಿದರೂ ಹೋಗುವುದಿಲ್ಲ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಬೇಕು.

ಪಾತ್ರೆಯ ಮಾತು ನಮ್ಮ ಮನೆಗಳಿಗೆ ಬಹಳ ಮುಖ್ಯ, ಏಕೆಂದರೆ ನಮ್ಮಲ್ಲಿ ಎಲ್ಲವೂ ಸ್ಟೀಲು. ಸ್ಟೀಲ್ ಡಬ್ಬಿ, ಪಾರ್ಸೆಲ್ಲಿನ ಅಲ್ಯೂಮಿನಿಯಂ ಹಾಳೆ, ಬಂಗಾರದ ಅಂಚಿನ ಪಿಂಗಾಣಿ ತಟ್ಟೆ, ಇವು ಕಿಡಿ ಹಾರಿಸುತ್ತವೆ. ಮೆಲಮಿನ್ ತಟ್ಟೆಯೂ ಬೇಡ. ಮೈಕ್ರೋವೇವಿಗೆ ತಕ್ಕದ್ದೆಂಬ ಗುರುತಿರುವ ಗಾಜು, ಪಿಂಗಾಣಿ ಒಳ್ಳೆಯದು. ಖಾಲಿ ಓವನ್ ಓಡಿಸಬೇಡಿ. ಹೀರಿಕೊಳ್ಳಲು ಏನೂ ಇಲ್ಲದ ಅಲೆಗಳು ಮ್ಯಾಗ್ನೆಟ್ರಾನಿಗೇ ಮರಳಿ ಅದನ್ನು ಸುಡಬಹುದು. ಒಳಗೆ ಬೆಂಕಿ ಹತ್ತಿದರೆ ಬಾಗಿಲು ತೆರೆಯದೆ ಸ್ವಿಚ್ ಆರಿಸಿ, ಪ್ಲಗ್ ಕೀಳಿ. ಗಾಳಿ ಸಿಗದೆ ಅದೇ ಆರುತ್ತದೆ. ಅರ್ಥಿಂಗ್ ಇರುವ ದೊಡ್ಡ ಸಾಕೆಟ್ಟಿಗೇ ಹಾಕಿ, ಎಕ್ಸ್‌ಟೆನ್ಷನ್ ಬಾಕ್ಸಿಗೆ ಬೇಡ. ಫ್ರಿಜ್ಜಿನ ಮೇಲೆ ಓವನ್ ಇಟ್ಟ ಮನೆಗಳನ್ನು ನೋಡಿದ್ದೇನೆ. ಶಾಲೆಯಿಂದ ಹಸಿದು ಬಂದ ಮಗು ಸ್ಟೂಲ್ ಹತ್ತಿ ಕುದಿಯುವ ಸಾರಿನ ಬಟ್ಟಲನ್ನು ತಲೆಯ ಮಟ್ಟದಿಂದ ಎಳೆದರೆ ಏನಾದೀತು, ನೀವೇ ಯೋಚಿಸಿ.

ಸ್ಪೆನ್ಸರ್ 1970ರ ಸೆಪ್ಟೆಂಬರಿನಲ್ಲಿ, 76ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷವೇ ಅಮೆರಿಕ ಸರ್ಕಾರ ಈ ಓವನ್ನುಗಳಿಗೆ ನಿಯಮ ಜಾರಿಗೆ ತಂದಿತು. ಮೇಲ್ಮೈಯಿಂದ ಐದು ಸೆಂಟಿಮೀಟರ್ ದೂರದಲ್ಲಿ ಒಂದು ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್‌ಗಿಂತ ಹೆಚ್ಚು ಸೋರಬಾರದು, ಬಾಗಿಲು ತೆರೆದ ಕೂಡಲೇ ಅಲೆ ನಿಲ್ಲುವಂತೆ ಒಂದಲ್ಲ ಎರಡು ಬೇರೆ ಬೇರೆ ಬೀಗದ ವ್ಯವಸ್ಥೆ ಇರಬೇಕು. ಬಾಗಿಲ ಗಾಜಿನಲ್ಲಿರುವ ಜಾಲರಿಯನ್ನು ನೋಡಿದ್ದೀರಲ್ಲ? ಒಳಗಿನ ಅಲೆಯ ಉದ್ದ ಸುಮಾರು ಹನ್ನೆರಡು ಸೆಂಟಿಮೀಟರ್, ತೂತು ಸೂಜಿಮೊನೆಯಷ್ಟು. ಬೆಳಕು ದಾಟುತ್ತದೆ, ಅಲೆ ದಾಟುವುದಿಲ್ಲ. ಜಾಲರಿ ಹರಿದಿದ್ದರೆ, ಬಾಗಿಲು ಜೋತುಬಿದ್ದು ಸರಿಯಾಗಿ ಕೂರದಿದ್ದರೆ, ಅಂಚಿನಲ್ಲಿ ಎಣ್ಣೆ ಜಿಡ್ಡು ಗಟ್ಟಿಯಾಗಿದ್ದರೆ ಆ ವ್ಯವಸ್ಥೆ ಕೆಟ್ಟಂತೆ. ಜಿಡ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಬಹುದು. ಉಳಿದದ್ದಕ್ಕೆ ತಿಳಿದ ಮೆಕ್ಯಾನಿಕ್ಕನ್ನೇ ಕರೆಯಿರಿ, ಅಲ್ಲಿಯವರೆಗೆ ಓವನ್ ಬಳಸಬೇಡಿ. ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಎಲ್ಲವನ್ನೂ ಬಿಚ್ಚುವ ಜಾಣ ಹುಡುಗನಿದ್ದರೆ (ಸ್ಪೆನ್ಸರ್ ಅಂಥವರೇ ಆಗಿದ್ದರು) ರೇಡಿಯೋ ಬಿಚ್ಚಲಿ, ಸೈಕಲ್ ಬಿಚ್ಚಲಿ, ಇದೊಂದನ್ನು ಬೇಡವೆನ್ನಿ. ಒಳಗಿರುವ ಕೆಪಾಸಿಟರ್ ಎರಡು ಸಾವಿರ ವೋಲ್ಟ್‌ನ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ, ಪ್ಲಗ್ ಕಿತ್ತ ಮೇಲೂ ಜೀವ ತೆಗೆಯುವಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು.