ಪೆಟ್ಟಿಗೆಯಲ್ಲಿ ಬಂದ ಯುದ್ಧವಿಮಾನ: ಸೇಠ್ ವಾಲಚಂದ್ ಹಿರಾಚಂದ್ ಕಥೆ

ಕಾಗವಾಡ: ಗಡಿ ದಾಟಿ ಮಿರಜ್ ಮೇಲೆ ಸಾಂಗ್ಲಿಗೆ ಹೋದವರಿಗೆ ವಾಲಚಂದ್ ಇಂಜಿನಿಯರಿಂಗ್ ಕಾಲೇಜು ಗೊತ್ತಿರ್ತದ. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ರಾಯಬಾಗದ ಕಿರಾಣಿ ಅಂಗಡಿಯವರಿಗೆ ರಾವಳಗಾಂವ್ ಕಂಪನಿ ಮೊದಲು ಮಾಡ್ತಿದ್ದ ಪಾನ್ ಪಸಂದ್ ಗೊತ್ತು. ಹಳೇ ಡ್ರೈವರ್‌ಗಳಿಗೆ ಪ್ರೀಮಿಯರ್ ಪದ್ಮಿನಿ ಕಾರು ಗೊತ್ತು. ಕಾಲೇಜಿಗೆ ಹೆಸರು ಬಂದದ್ದು ಯಾರಿಂದಲೋ, ಉಳಿದೆರಡು ಕಂಪನಿ ಕಟ್ಟಿದವರೂ ಅವರೇ. ಸೋಲಾಪುರದ ಸೇಠ್ ವಾಲಚಂದ್ ಹಿರಾಚಂದ್. ಬೆಂಗಳೂರಿನ ಎಚ್‌ಎಎಲ್ ವಿಮಾನ ಕಾರ್ಖಾನೆ ಹುಟ್ಟಿಸಿದವರೂ ಇವರೇ ಅನ್ನೋದು ಮಾತ್ರ ಬಹಳ ಮಂದಿಗೆ ಗೊತ್ತಿಲ್ಲ.

ಈ ವಿಮಾನದ ಕಥೆ ತಿಳಿಯಬೇಕಂದ್ರ ಮೊದಲು ಒಂದು ಮಾಡೆಲ್ ಕಿಟ್ ನೋಡಬೇಕು. ಎರಡನೇ ಮಹಾಯುದ್ಧದ ಕರ್ಟಿಸ್ ಹಾಕ್ ಅನ್ನೋ ಅಮೆರಿಕದ ಯುದ್ಧವಿಮಾನದ ಕಿಟ್ ಇಂದಿಗೂ ಮಾರಾಟಕ್ಕಿದೆ. ಬ್ರಿಟಿಷ್ ವಾಯುಪಡೆ ಇದೇ ವಿಮಾನಕ್ಕೆ ಮೊಹಾಕ್ ಅಂತ ಹೆಸರಿಟ್ಟಿತ್ತು. ರಟ್ಟಿನ ಡಬ್ಬಿ ತೆರೆದರೆ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡ ಸಣ್ಣ ಸಣ್ಣ ಭಾಗಗಳು: ರೆಕ್ಕೆ, ಗಾಲಿ, ಪೈಲಟ್ ಸೀಟು, ಒಂಬತ್ತು ಸಿಲಿಂಡರಿನ ಎಂಜಿನ್. ಬ್ಲೇಡಿನಿಂದ ಕತ್ತರಿಸಿ, ಪಾಲಿಶ್ ಕಾಗದದಿಂದ ಉಜ್ಜಿ, ಅಂಟು ಹಚ್ಚಿ, ಬಣ್ಣ ಬಳಿಯಬೇಕು. ಅಳತೆ 1:72. ಅಂದ್ರ ಅಸಲಿ ವಿಮಾನ 72 ಪಟ್ಟು ದೊಡ್ಡದು. ಸುಮಾರು 11.4 ಮೀಟರ್ ಅಗಲದ ರೆಕ್ಕೆ ಇಲ್ಲಿ 16 ಸೆಂಟಿಮೀಟರ್ ಆಗಿರ್ತದ, ಗೇಣಿಗಿಂತ ತುಸು ಕಡಿಮೆ. ವಿಚಿತ್ರ ಅಂದ್ರ, ವಾಲಚಂದರ ಬೆಂಗಳೂರು ಕಾರ್ಖಾನೆಗೆ ಅಸಲಿ ಹಾಕ್ ವಿಮಾನವೂ ಹೆಚ್ಚುಕಡಿಮೆ ಹೀಗೇ ಬಂತು. ಭಾಗಗಳು ಹಡಗಿನಲ್ಲಿ ಬರೋದು, ಇಲ್ಲಿ ಜೋಡಿಸೋದು.

ವಾಲಚಂದ್ ಹುಟ್ಟಿದ್ದು 1882ರ ನವೆಂಬರ್ 23ರಂದು, ಸೋಲಾಪುರದ ಗುಜರಾತಿ ಜೈನ ಮನೆತನದಲ್ಲಿ. ಮನೆಯಲ್ಲಿ ಲೇವಾದೇವಿ, ಹತ್ತಿ ವ್ಯಾಪಾರ. ಮುಂಬೈ, ಪುಣೆಯಲ್ಲಿ ಕಾಲೇಜು ಸೇರಿದರೂ ಡಿಗ್ರಿ ಮುಗಿಸಲಿಲ್ಲ (ಇದನ್ನು ಓದಿದಾಗ ನನಗೂ ಸ್ವಲ್ಪ ಧೈರ್ಯ ಬಂತು). ಗಾದಿ ಮೇಲೆ ಕೂತು ಬಡ್ಡಿ ಲೆಕ್ಕ ಬರೆಯೋದು ಅವರಿಗೆ ಒಗ್ಗಲಿಲ್ಲ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕ್ ಜೊತೆ ಪಾಲುದಾರಿಕೆ ಮಾಡಿ ರೈಲ್ವೆ ಕಾಂಟ್ರಾಕ್ಟ್ ಹಿಡಿದರು. ಮುಂಬೈ-ಪುಣೆ ನಡುವಿನ ಬೋರ್ ಘಾಟಿನ ಸುರಂಗ ಕೆಲಸದಲ್ಲೂ ಅವರ ಕಂಪನಿ ಇತ್ತು.

ಅಲ್ಲಿಂದ ಸಮುದ್ರಕ್ಕಿಳಿದರು. ಗ್ವಾಲಿಯರ್ ಮಹಾರಾಜರಿಂದ ಕೊಂಡ ಲಾಯಲ್ಟಿ ಹಡಗು 1919ರ ಏಪ್ರಿಲ್ 5ರಂದು ಮುಂಬೈಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ಈಗ ರಾಷ್ಟ್ರೀಯ ಕಡಲಯಾನ ದಿನ ಅಂತ ಆಚರಿಸ್ತಾರ. ಆಮೇಲೆ ಬ್ರಿಟಿಷ್ ಹಡಗು ಕಂಪನಿಗಳು ದರ ಇಳಿಸಿ ಹೊಡೆದವು. ಎದುರಿನ ದೊಡ್ಡ ಅಂಗಡಿಯವ ಬೇಕಂತಲೇ ರೇಟು ಬೀಳಿಸಿದರೆ ಸಣ್ಣ ವ್ಯಾಪಾರಿ ಗತಿ ಏನಾಗ್ತದ ಅಂತ ನಮ್ಮ ಪ್ಯಾಟಿಯವರಿಗೆ ಹೇಳಿಕೊಡಬೇಕಿಲ್ಲ. ಆದರೂ ಸಿಂಧಿಯಾ ಹಡಗು ಕಂಪನಿ ಮುಳುಗಲಿಲ್ಲ.

1939ರಲ್ಲಿ ವಿಮಾನ ಪ್ರಯಾಣದ ದಾರಿಯಲ್ಲಿ ವಿಲಿಯಂ ಪಾಲಿ ಅನ್ನೋ ಅಮೆರಿಕದವರ ಪರಿಚಯ ಆಯಿತು. ಪಾಲಿ ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸ್ತಿದ್ದರು. ಚೀನಾದಲ್ಲಿ ಆಗೋದು ಭಾರತದಲ್ಲಿ ಯಾಕಾಗಬಾರದು ಅನ್ನೋದು ವಾಲಚಂದರ ತಲೆಗೆ ಹೊಕ್ಕಿತು. ಬ್ರಿಟಿಷ್ ಸರ್ಕಾರ ಮೊದಲು ಮುಖ ತಿರುಗಿಸಿತು. ಯುದ್ಧ ಜೋರಾದ ಮೇಲೆ ಹ್ಞೂಂ ಅಂದಿತು. ಮೈಸೂರು ಸಂಸ್ಥಾನದ ದಿವಾನ ಮಿರ್ಜಾ ಇಸ್ಮಾಯಿಲ್ ತಡ ಮಾಡಲಿಲ್ಲ. 700 ಎಕರೆ ಜಾಗ ಕೊಟ್ಟರು, ಸಂಸ್ಥಾನದಿಂದ ಬಂಡವಾಳವನ್ನೂ ಹಾಕಿದರು. 1940ರ ಡಿಸೆಂಬರ್ 23ರಂದು ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿ ಆಯಿತು.

ಎಂಟೇ ತಿಂಗಳಲ್ಲಿ, 1941ರ ಆಗಸ್ಟ್‌ನಲ್ಲಿ, ಹಾರ್ಲೋ ಅನ್ನೋ ತರಬೇತಿ ವಿಮಾನ ಬೆಂಗಳೂರಿನ ಆಕಾಶದಲ್ಲಿ ಹಾರಿತು. ವಿಮಾನದ ಬೋಲ್ಟನ್ನೂ ನೋಡಿರದ ಕೆಲಸಗಾರರನ್ನು ಕಟ್ಟಿಕೊಂಡು ಮಾಡಿದ್ದು. ಇದಕ್ಕೂ ಮೊದಲೇ 48 ಹಾಕ್ ಯುದ್ಧವಿಮಾನಗಳ ಆರ್ಡರ್ ಕೈಯಲ್ಲಿತ್ತು. ವಾಲಚಂದರಿಗೆ ಜೋಡಣೆ ಬರೀ ಮೊದಲ ಮೆಟ್ಟಿಲು. ಇಲ್ಲೇ ವಿಮಾನ ತಯಾರಾಗಬೇಕು ಅನ್ನೋದು ಹಟ.

ಅಷ್ಟರಲ್ಲಿ ಜಪಾನ್ ಸೇನೆ ಬರ್ಮಾದೊಳಗೆ ನುಗ್ಗಿತು. 1942ರ ಏಪ್ರಿಲ್‌ನಲ್ಲಿ ಸರ್ಕಾರ ವಾಲಚಂದರ ಪಾಲನ್ನು ಕೊಂಡುಕೊಂಡು ಕಾರ್ಖಾನೆ ಕೈಗೆ ತಗೊಂಡಿತು. ಮೈಸೂರು ತನ್ನ ಪಾಲು ಮಾರಲಿಲ್ಲ, ಆದರೆ ಆಡಳಿತ ಬಿಟ್ಟುಕೊಟ್ಟಿತು. ಪುಕ್ಕಟೆ ಕಸಿದುಕೊಂಡದ್ದಲ್ಲ, ದುಡ್ಡು ಕೊಟ್ಟರು ಅನ್ನೋದೂ ನಿಜ. ಆದರೆ ಕಟ್ಟಿದ ಅಂಗಡಿಗೆ ಒಂದೂವರೆ ವರ್ಷ ತುಂಬೋದ್ರೊಳಗೆ ಕೀಲಿಕೈ ಬೇರೆಯವರಿಗೆ ಕೊಡೋದು ಅಂದ್ರ ಲೆಕ್ಕದ ವಹಿಯಲ್ಲಿ ಬರೆಯೋ ನಷ್ಟ ಅಲ್ಲ.

ಬೆಂಗಳೂರಲ್ಲಿ ಜೋಡಿಸಿದ ಮೊದಲ ಹಾಕ್ ಹಾರಿದ್ದು ಅದೇ ವರ್ಷ ಜುಲೈ 31ಕ್ಕೆ. ಅಷ್ಟೊತ್ತಿಗೆ ಕಾರ್ಖಾನೆ ವಾಲಚಂದರದಾಗಿರಲಿಲ್ಲ. 48ರಲ್ಲಿ ತಯಾರಾದದ್ದು ಬೆರಳೆಣಿಕೆಯಷ್ಟು. ಹೊಸ ವಿಮಾನ ಮಾಡೋ ಬದಲು ಹೊಡೆತ ತಿಂದ ವಿಮಾನ ರಿಪೇರಿ ಮಾಡೋದು ಮುಖ್ಯ ಆಯಿತು. 1943ರಿಂದ ಅಮೆರಿಕ ಸೇನೆಯ ವಿಮಾನಗಳೂ ಅಲ್ಲಿಗೇ ಬಂದವು.

ಸೇಠ್ ಸುಮ್ಮನೆ ಕೂಡಲಿಲ್ಲ. 1944ರಲ್ಲಿ ಪ್ರೀಮಿಯರ್ ಮೋಟಾರ್ ಕಂಪನಿ ಶುರು ಮಾಡಿದರು. ವಿಶಾಖಪಟ್ಟಣದಲ್ಲಿ ಅವರು ಕಟ್ಟಿಸಿದ ಹಡಗುಕಟ್ಟೆಯಿಂದ 1948ರಲ್ಲಿ ಜಲ ಉಷಾ ಹಡಗನ್ನು ನೆಹರೂ ನೀರಿಗಿಳಿಸಿದರು. ಮರುವರ್ಷ ಲಕ್ವಾ ಹೊಡೆದು ವಾಲಚಂದ್ ವ್ಯವಹಾರದಿಂದ ದೂರವಾದರು.

1951ರ ಆಗಸ್ಟ್‌ನಲ್ಲಿ ಎಚ್‌ಟಿ-2 ವಿಮಾನ ಬೆಂಗಳೂರಲ್ಲಿ ಹಾರಿತು. ಅದರ ನಕ್ಷೆಯೂ ಇಲ್ಲಿಯದೇ, ತಯಾರಿಕೆಯೂ ಇಲ್ಲಿಯದೇ. ಆಗ ವಾಲಚಂದ್ ಇನ್ನೂ ಬದುಕಿದ್ದರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ತೀರಿಕೊಂಡರು. 1947ರಲ್ಲಿ ಆರಂಭವಾಗಿದ್ದ ಸಾಂಗ್ಲಿ ಕಾಲೇಜಿಗೆ ಅವರ ಹೆಸರು ಬಂದದ್ದು ಅದಾದ ಎರಡು ವರ್ಷಕ್ಕೆ.